ಜುಂಜಪ್ಪನ ಕಥೆ ವೆಬ್ ಸೀರೀಸ್ ಆದರೆ ಯಾರನ್ನ ಕೇಳಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಈ ವಾರ ಸ್ಟುಡಿಯೋದಿಂದ ಅಲ್ಲ, ನಮ್ಮೂರು ರಾಂಪುರದಿಂದ ಮಾತಾಡ್ತಾ ಇದೀನಿ. ಮೊಳಕಾಲ್ಮುರು ತಾಲ್ಲೂಕಿನ ರಾಂಪುರ, ಬಳ್ಳಾರಿ ರಸ್ತೆಯಲ್ಲಿ ಬರುತ್ತೆ. ಮಧ್ಯೆ ಮಧ್ಯೆ ಲಾರಿ ಹಾರ್ನ್ ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ, ಮನೆ ಮಹಡಿ ಮೇಲೆ ಕೂತು ರೆಕಾರ್ಡ್ ಮಾಡ್ತಿರೋದು.

ಹೋದ ತಿಂಗಳು ನನಗೊಂದು ಫೋನ್ ಬಂತು. ಬೆಂಗಳೂರಿನ ಒಂದು ಸಣ್ಣ ತಂಡ, ಹೆಸರು ಬೇಡ. "ಬ್ರೋ, ನಿಮ್ಮ ಕಡೆ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡ್ತಾರಂತಲ್ಲ, ಅದನ್ನ ಫ್ಯಾಂಟಸಿ ವೆಬ್ ಸೀರೀಸ್ ಮಾಡೋಣ ಅಂತಿದೀವಿ. ಎಂಟು ಎಪಿಸೋಡ್. ನಿಮ್ಮ ಹತ್ರ ರೆಕಾರ್ಡಿಂಗ್ ಏನಾದ್ರೂ ಇದ್ರೆ ವಾಟ್ಸಾಪ್ ಮಾಡ್ತೀರಾ?" ನನ್ನ ಹತ್ತಿರ ಇತ್ತು. ಚಳ್ಳಕೆರೆ ಕಡೆಯ ಹಟ್ಟಿಯೊಂದರಲ್ಲಿ ನನ್ನ ಸ್ನೇಹಿತನ ತಾತ ಹಾಡಿದ್ದು, ಎರಡು ವರ್ಷದ ಹಿಂದೆ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಸುಮಾರು ಎರಡು ಗಂಟೆ. ಬಹುಶಃ ಅವತ್ತೇ ಕಳಿಸಿಬಿಡ್ತಿದ್ದೆ. ಆದರೆ ಫೋನ್ ಇಡುವ ಮುಂಚೆ ಆ ಹುಡುಗ ಒಂದು ಮಾತು ಸೇರಿಸಿದ: "ಹೆಂಗೂ ಜಾನಪದ ಅಲ್ವಾ, ಕಾಪಿರೈಟ್ ತಲೆನೋವು ಇಲ್ಲ."

ಆ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಹಾಗಾಗಿ ಈ ಸಂಚಿಕೆ. ಪುಸ್ತಕ, ಗೇಮ್, ಹಾಡು, ಇವು ಸೀರೀಸ್ ಆಗುವಾಗ ಏನು ಉಳಿಯುತ್ತೆ, ಏನು ಹೋಗುತ್ತೆ, ಅದನ್ನ ತೀರ್ಮಾನ ಮಾಡೋರು ಯಾರು ಅಂತ ನೋಡೋಣ. ಜುಂಜಪ್ಪನಿಗೆ ಆಮೇಲೆ ಬರ್ತೀನಿ.

ಮೊದಲು ಒಂದು ವಿಷಯ. ಕಥೆಯನ್ನ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ನೆಡೋದು ಈ ಸೀಮೆಗೆ ಹೊಸದಲ್ಲ. ನಮ್ಮ ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರ ಅಂತ ಬೆಟ್ಟ ಇದೆ. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದದ್ದು ಇಲ್ಲೇ ಅಂತ ನಮ್ಮ ಕಡೆಯ ನಂಬಿಕೆ. ಅದೇ ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದಲ್ಲೂ ಇವೆ. ಒಂದೇ ಬಂಡೆಗುಡ್ಡದಲ್ಲಿ ಒಂದು ಚರಿತ್ರೆ, ಒಂದು ಪುರಾಣ, ಎರಡಕ್ಕೂ ಜಗಳ ಇಲ್ಲ. ಬಯಲಾಟ ನೋಡೋಕೆ ಕೂತ ನಮ್ಮ ಮನೆ ದೊಡ್ಡೋರಿಗೂ ಕಥೆಯ ಕೊನೆ ಮೊದಲೇ ಗೊತ್ತಿರ್ತಿತ್ತು. ಇವತ್ತಿನ ಭೀಮ ಹೆಂಗೆ ಕುಣಿದ, ಆ ಮಾತು ಯಾಕೆ ಬಿಟ್ಟ, ಅದು ಬೆಳಿಗ್ಗೆಯ ಚರ್ಚೆ. ನಾವು ಈಗ ರೆಡ್ಡಿಟ್‌ನಲ್ಲಿ ಮಾಡೋದೂ ಅದನ್ನೇ.

ಸರಿ, ಪುಸ್ತಕಕ್ಕೆ ಬರೋಣ.

2022ರಲ್ಲಿ 'ದಿ ರಿಂಗ್ಸ್ ಆಫ್ ಪವರ್' ಬಂದಾಗ ನನ್ನ ಚಿಕ್ಕಪ್ಪನ ಮಗ ಅದನ್ನ ಕನ್ನಡದಲ್ಲಿ ನೋಡಿದ. ಎಲ್ಫ್‌ಗಳು ಗ್ರಾಂಥಿಕ ಕನ್ನಡ ಮಾತಾಡ್ತಿದ್ದರು. ಮೊದಲು ನಕ್ಕ, ಮೂರನೇ ಎಪಿಸೋಡಿಗೆ ಸುಮ್ಮನಾದ. (ಇದೇ ಹತ್ತು ವರ್ಷ ಮುಂಚೆ ಆಗಿದ್ದರೆ ಕನ್ನಡದಲ್ಲಿ ನೋಡೋಕೆ ಸಿಗ್ತಾನೇ ಇರಲಿಲ್ಲ. ಡಬ್ಬಿಂಗಿಗೆ ಇಲ್ಲಿ ದಶಕಗಳ ಕಾಲ ಅಘೋಷಿತ ತಡೆ ಇತ್ತು. ಆ ತಡೆ ಸರಿಯಲ್ಲ ಅಂತ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರಲ್ಲಿ. ಅದು ಬೇರೆಯೇ ಸಂಚಿಕೆ.)

ಆ ಸೀರೀಸಿನ ಹಕ್ಕಿಗೆ ಅಮೆಜಾನ್ 2017ರಲ್ಲಿ ಕೊಟ್ಟದ್ದು ಸುಮಾರು 25 ಕೋಟಿ ಡಾಲರ್ ಅಂತ ವರದಿಯಾಗಿತ್ತು. ಬರೀ ಹಕ್ಕಿಗೆ, ಒಂದು ಶಾಟ್ ತೆಗೆಯೋ ಮುಂಚೆ. ಅಷ್ಟು ಕೊಟ್ಟರೂ ಟೋಲ್ಕಿನ್ ಬರೆದದ್ದೆಲ್ಲ ಕೈಗೆ ಸಿಗಲಿಲ್ಲ. 'ದಿ ಲಾರ್ಡ್ ಆಫ್ ದಿ ರಿಂಗ್ಸ್', 'ದಿ ಹಾಬಿಟ್' ಸಿಕ್ಕವು. ಆ ಹಳೇ ಯುಗದ ಕಥೆ ವಿವರವಾಗಿ ಇರೋ 'ದಿ ಸಿಲ್ಮರಿಲಿಯನ್' ಸಿಗಲಿಲ್ಲ. ಹಾಗಾಗಿ ಕಥೆಗಾರರು ಕಾದಂಬರಿಯ ಕೊನೆಯ ಅನುಬಂಧಗಳಲ್ಲಿರೋ ವಂಶಾವಳಿ, ಇಸವಿಗಳ ಪಟ್ಟಿ ಇಟ್ಟುಕೊಂಡು ಮಿಕ್ಕಿದ್ದನ್ನ ತಾವೇ ಕಟ್ಟಿದರು. ಎರಡು ಇಸವಿಗಳ ನಡುವೆ ಸಾವಿರಾರು ವರ್ಷ ಇರುತ್ತೆ, ಟಿವಿಯಲ್ಲಿ ಅಷ್ಟು ಕಾಯೋಕಾಗುತ್ತಾ? ಎಲ್ಲವನ್ನೂ ಒಂದೇ ಕಾಲಕ್ಕೆ ತಂದು ಕೂರಿಸಿದರು. ಅಭಿಮಾನಿಗಳು ಬೈದರು. ನನಗೆ ಆ ಬೈಗುಳ ಅರ್ಧ ಅರ್ಥ ಆಗುತ್ತೆ, ಅರ್ಧ ಇಲ್ಲ. ಪಟ್ಟಿಯನ್ನ ಪಟ್ಟಿಯಾಗೇ ತೋರಿಸೋಕಾಗಲ್ಲ ಕಣ್ರೀ.

'ಗೇಮ್ ಆಫ್ ಥ್ರೋನ್ಸ್' ಕಷ್ಟ ಇದಕ್ಕೆ ಉಲ್ಟಾ. ಅಲ್ಲಿ ಲೇಖಕ ಬದುಕಿದ್ದಾರೆ, ಪುಸ್ತಕ ಮುಗಿದಿಲ್ಲ. ಸೀರೀಸ್ ಶುರುವಾದ 2011ರಲ್ಲೇ ಐದನೇ ಪುಸ್ತಕ ಬಂತು. ಆರನೆಯದಕ್ಕೆ ಜನ ಇನ್ನೂ ಕಾಯ್ತಿದ್ದಾರೆ. ಟಿವಿ ಮಾತ್ರ ಕಾಯಲಿಲ್ಲ, 73 ಎಪಿಸೋಡ್ ಮಾಡಿ 2019ರಲ್ಲಿ ಮುಗಿಸಿತು. ಪುಸ್ತಕದ ಆಸರೆ ಇದ್ದಷ್ಟು ದಿನ ಪ್ರತಿ ಸಾವಿಗೂ ಒಂದು ಕಾರಣ ಇತ್ತು. ಆಸರೆ ಹೋದ ಮೇಲೆ ಪಾತ್ರಗಳು ಓಡೋಕೆ ಶುರು ಮಾಡಿದವು. ಮೊದಲ ಸೀಸನ್ನುಗಳಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗೋಕೆ ವಾರಗಟ್ಟಲೆ ಬೇಕಿತ್ತು, ಕೊನೆಗೆ ಒಂದೇ ಸೀನಿನಲ್ಲಿ ತಲುಪ್ತಿದ್ದರು. ಡ್ರ್ಯಾಗನ್ ಹಾರೋದನ್ನ ನಾವು ನಂಬ್ತೀವಿ. ಕುದುರೆ ಅಷ್ಟು ಬೇಗ ಓಡೋದನ್ನ ನಂಬಲ್ಲ. ಫ್ಯಾಂಟಸಿಗೆ ಅದರದ್ದೇ ಕಾನೂನು ಇರುತ್ತೆ, ಅದನ್ನ ಮುರಿದರೆ ಡ್ರ್ಯಾಗನ್ನೂ ಸುಳ್ಳಾಗುತ್ತೆ.

ಗೇಮ್ ವಿಷಯ ಇನ್ನೂ ಮಜವಾಗಿದೆ. ಬಿಜಿಎಂಐ ಆಡ್ತೀರಲ್ಲ, ಅದರಲ್ಲಿ ಕಥೆ ಯಾರದು? ನಿಮ್ಮದೇ. ನೀವು ಎಲ್ಲಿ ಇಳಿದಿರಿ, ಯಾವ ಮನೆಯಲ್ಲಿ ಅಡಗಿದಿರಿ, ಯಾರು ಹಿಂದಿನಿಂದ ಬಂದು ಹೊಡೆದ. ಅದನ್ನ ಸೀರೀಸ್ ಮಾಡಿದರೆ ನಿಮ್ಮ ಕೈಯಿಂದ ಫೋನ್ ಕಿತ್ತುಕೊಂಡು "ಕೂತು ನೋಡು" ಅಂದ ಹಾಗೆ. ಪಕ್ಕದವನು ಆಡೋದನ್ನ ಎಷ್ಟು ಹೊತ್ತು ನೋಡ್ತೀರಿ? ಗೇಮ್ ಆಧರಿಸಿದ ಹಳೇ ಸಿನಿಮಾಗಳು ಬಹಳಷ್ಟು ಸೋತದ್ದು ಇಲ್ಲೇ. ಕಿತ್ತುಕೊಂಡರು, ಬದಲಿಗೆ ಏನೂ ಕೊಡಲಿಲ್ಲ.

'ದಿ ಲಾಸ್ಟ್ ಆಫ್ ಅಸ್' ಕೊಟ್ಟಿತು. 2013ರ ಗೇಮ್, 2023ರಲ್ಲಿ ಎಚ್‌ಬಿಒ ಸೀರೀಸ್. ಗೇಮಿನಲ್ಲಿ ಬಿಲ್ ಅನ್ನೋ ಒಬ್ಬ ಸಿಡುಕ ಸಿಗ್ತಾನೆ, ಅವನ ಊರಿನ ತುಂಬ ಬಲೆ ಹಾಕಿಟ್ಟಿರ್ತಾನೆ, ನಾವು ಅವನ ಜೊತೆ ಹೊಡೆದಾಡ್ತಾ ದಾಟಬೇಕು. ಅವನ ಜೊತೆಗಾರ ಫ್ರಾಂಕ್ ನಮಗೆ ಸಿಗೋ ಹೊತ್ತಿಗೆ ಸತ್ತಿರ್ತಾನೆ, ಒಂದು ಕಹಿಯಾದ ಚೀಟಿ ಬರೆದಿಟ್ಟು. ಸೀರೀಸಿನ ಮೂರನೇ ಎಪಿಸೋಡ್ ಇದನ್ನ ಪೂರ್ತಿ ತಿರುಗಿಸಿತು. ಹೊಡೆದಾಟ ಹೆಚ್ಚುಕಮ್ಮಿ ತೆಗೆದುಹಾಕಿ ಆ ಇಬ್ಬರ ವರ್ಷಗಟ್ಟಲೆಯ ಸಂಸಾರ ತೋರಿಸಿತು. ಊಟ, ಪಿಯಾನೋ, ಸ್ಟ್ರಾಬೆರಿ ಗಿಡ, ಮುಪ್ಪು. ಗೇಮಿಗೆ ನಿಯತ್ತಾಗಿತ್ತಾ? ಘಟನೆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಆದರೆ ಗೇಮಿನ ಒಡಲಲ್ಲಿರೋ ಪ್ರಶ್ನೆ ಒಂದೇ: ಲೋಕ ಮುಳುಗಿದ ಮೇಲೆ ಒಬ್ಬ ಮನುಷ್ಯನನ್ನ ಹಚ್ಚಿಕೊಳ್ಳೋದರ ಬೆಲೆ ಏನು? ಆ ಪ್ರಶ್ನೆಯನ್ನ ಅವರು ಬಿಡಲಿಲ್ಲ. ಗೇಮ್ ಬರೆದ ನೀಲ್ ಡ್ರಕ್‌ಮನ್ ಸೀರೀಸಿನ ತಂಡದಲ್ಲೂ ಇದ್ದರು ಅನ್ನೋದು ಮರೀಬೇಡಿ. ಬದಲಾಯಿಸೋ ಮುಂಚೆ ಕೇಳೋಕೆ ಜನ ಪಕ್ಕದಲ್ಲೇ ಕೂತಿದ್ದರು.

'ಆರ್ಕೇನ್' ಕೂಡ ಹಾಗೇ, ಗೇಮ್ ಕಂಪನಿಯೇ ಮುಂದೆ ನಿಂತು ಮಾಡಿಸಿದ್ದು. 'ಲೀಗ್ ಆಫ್ ಲೆಜೆಂಡ್ಸ್' ಆಟದಲ್ಲಿ ಹೇಳಿಕೊಳ್ಳೋ ಕಥೆ ಇಲ್ಲ, ಪಾತ್ರಗಳಿಗೆ ಚಿಕ್ಕಚಿಕ್ಕ ಪರಿಚಯ ಇದೆ ಅಷ್ಟೇ. ಅದರಿಂದ ಇಬ್ಬರು ಅಕ್ಕತಂಗಿಯರನ್ನ ಆರಿಸಿ 18 ಎಪಿಸೋಡ್ ಕಟ್ಟಿದರು. 'ಫಾಲ್‌ಔಟ್' ಇನ್ನೊಂದು ದಾರಿ ಹಿಡೀತು: ಗೇಮಿನ ಲೋಕ, ಅದರ ನಿಯಮ, ಅದರ ಕರೀ ಹಾಸ್ಯ ಎಲ್ಲ ಉಳಿಸಿಕೊಂಡು ಪಾತ್ರಗಳನ್ನ ಹೊಸದಾಗಿ ತಂದರು. ಅಲ್ಲಿ ಆಡಿದವನ ಕಥೆ ಆಡಿದವನ ಹತ್ತಿರವೇ ಉಳೀತು. ನನಗೆ ಇದು ಬಹಳ ಜಾಣತನ ಅನ್ನಿಸಿತು.

ಈಗ ದುಡ್ಡಿನ ವಿಷಯ. ಇಲ್ಲಿ ಪೋಲೆಂಡಿನ ಒಂದು ಪ್ರಸಂಗ ಹೇಳಲೇಬೇಕು. 'ದಿ ವಿಚರ್' ಕಥೆಗಳನ್ನ ಬರೆದವರು ಆಂಡ್ರೇ ಸಪ್‌ಕೋವ್ಸ್ಕಿ. ಗೇಮ್ ಕಂಪನಿಯೊಂದು ಹಕ್ಕು ಕೇಳಿಕೊಂಡು ಬಂದಾಗ ಲಾಭದಲ್ಲಿ ಪಾಲು ಕೊಡ್ತೀವಿ ಅಂದಿತ್ತು. ಇವರು ಬೇಡ, ಈಗಲೇ ಕೈಗೆ ಕೊಡಿ ಅಂದರು. ಸುಮಾರು 35,000 ಜ್ಲಾಟಿ ತಗೊಂಡರು ಅಂತ ವರದಿಗಳು ಹೇಳ್ತವೆ. ಆ ಗೇಮ್ ಓಡುತ್ತೆ ಅನ್ನೋ ನಂಬಿಕೆ ತನಗಿರಲಿಲ್ಲ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಗೇಮ್ ಜಗತ್ತಿನ ತುಂಬ ಓಡಿತು. 2018ರಲ್ಲಿ ಅವರ ವಕೀಲರು ಕಂಪನಿಗೆ ಪತ್ರ ಬರೆದು 6 ಕೋಟಿ ಜ್ಲಾಟಿ ಕೇಳಿದರು. 2019ರ ಡಿಸೆಂಬರಿನಲ್ಲಿ, ನೆಟ್‌ಫ್ಲಿಕ್ಸ್ ಸೀರೀಸ್ ಬಂದ ಅದೇ ತಿಂಗಳು, ಇಬ್ಬರಿಗೂ ಹೊಸ ಒಪ್ಪಂದ ಆಯಿತು.

ಓದು ಬಲ್ಲ, ಹೆಸರಾದ, ವಕೀಲರನ್ನ ಇಟ್ಟುಕೊಳ್ಳಬಲ್ಲ ಲೇಖಕನೇ ಹೀಗೆ ಎಡವಿದ ಅಂದಮೇಲೆ ಹಟ್ಟಿಯ ತಾತನ ಕಥೆ ಏನು?

ಕನ್ನಡದಲ್ಲಿ ಇದಕ್ಕೆ ಉದಾಹರಣೆ ಇಲ್ಲ ಅನ್ಕೋಬೇಡಿ. ಇಲ್ಲದ ಊರನ್ನ ಟಿವಿಗೆ ತಂದವರಲ್ಲಿ ಶಂಕರ್‌ನಾಗ್ ದೊಡ್ಡ ಹೆಸರು. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ನಕಾಶೆಯಲ್ಲಿಲ್ಲದ ಊರು. ಶಂಕರ್‌ನಾಗ್ ಆಗುಂಬೆಯಲ್ಲಿ ಅದನ್ನ ಕಟ್ಟಿದರು. ಈಗ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲ್ವೆ ಸ್ಟೇಷನ್ನಿನಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. ಪುಸ್ತಕದ ಊರು ಟಿವಿಗೆ ಬಂದು, ಟಿವಿಯಿಂದ ಇಳಿದು ನೆಲದ ಮೇಲೆ ನಿಂತುಬಿಟ್ಟಿತು.

ಆದರೆ ನನ್ನ ಪ್ರಶ್ನೆಗೆ ಹತ್ತಿರದ್ದು ಮಾದಪ್ಪನ ಕಥೆ. ಜೀ ಕನ್ನಡದಲ್ಲಿ 2018ರಲ್ಲಿ 'ಉಘೇ ಉಘೇ ಮಾದೇಶ್ವರ' ಶುರುವಾಯಿತು, ನೆನಪಿದೆಯಾ? ನಮ್ಮ ಮನೆಯಲ್ಲಿ ಅಮ್ಮ ಬಿಡದೆ ನೋಡ್ತಿದ್ದಳು. ಹುಲಿ ಮೇಲೆ ಬರೋ ಮಾದಪ್ಪ, ದೇವತೆಗಳನ್ನೇ ಸೆರೆ ಹಾಕಿದ ಶ್ರವಣ ದೊರೆ, ಎಲ್ಲ ಗ್ರಾಫಿಕ್ಸ್ ಸಮೇತ. ಅದು ಬಂದದ್ದು ಪುಸ್ತಕದಿಂದಲ್ಲ, ಬಾಯಿಂದ. ಚಾಮರಾಜನಗರದ ಕಡೆ ದೇವರಗುಡ್ಡರು, ಕಂಸಾಳೆಯವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಕಾವ್ಯ. ಅದರ ಒಂದೊಂದು ಭಾಗಕ್ಕೆ 'ಸಾಲು' ಅಂತಾರೆ: ಶ್ರವಣ ದೊರೆ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಎಪಿಸೋಡ್ ಅನ್ನೋ ಪದ ನಮಗೆ ಬರೋ ಮುಂಚೆಯೇ ಎಪಿಸೋಡ್ ಇತ್ತು ನೋಡಿ.

ಹಾಗಾದರೆ ಸೀರಿಯಲ್ಲಿಗೆ ಬಂದಾಗ ಏನು ಬದಲಾಯಿತು? ಹಾಡೋನು ಹೋದ. ಸಂಕಮ್ಮನ ಸಾಲು ತಗೊಳ್ಳಿ. ಗಂಡ ಜೇನು ಕೀಳೋಕೆ ಕಾಡಿಗೆ ಹೊರಡ್ತಾನೆ, ನೀನು ತಪ್ಪು ಮಾಡಲ್ಲ ಅಂತ ಭಾಷೆ ಕೊಡು ಅಂತ ಹೆಂಡತಿಯನ್ನ ಪೀಡಿಸ್ತಾನೆ, ಅವಳು ಕೊಡಲ್ಲ. ಹಾಡೋನಿಗೆ ಎದುರಿಗೆ ಯಾರು ಕೂತಿದ್ದಾರೆ ಗೊತ್ತಿರುತ್ತೆ. ಅವಳು ನಿರಾಕರಿಸೋ ಜಾಗದಲ್ಲಿ ಅವನು ನಿಲ್ಲಬಹುದು, ಮತ್ತೆ ಹೇಳಬಹುದು, ಎದುರಿಗಿರೋ ಹೆಂಗಸರ ಮುಖ ನೋಡಬಹುದು. ಕ್ಯಾಮೆರಾಗೆ ಆ ಮುಖ ಕಾಣಲ್ಲ, ಟಿಆರ್‌ಪಿ ಕಾಣುತ್ತೆ. ಇನ್ನೊಂದು, ಹಾಡಿನಲ್ಲಿ ಒಂದೊಂದು ತಂಡಕ್ಕೆ ಒಂದೊಂದು ಬಗೆ. ಟಿವಿಯಲ್ಲಿ ಬಂದಮೇಲೆ ಒಂದೇ ಬಗೆ. ನನ್ನ ಅಮ್ಮನಿಗೆ ಈಗ ಮಾದಪ್ಪ ಅಂದರೆ ಆ ನಟನ ಮುಖವೇ. ಇದು ಆ ಸೀರಿಯಲ್ಲಿನ ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಬರದೇ ಇದ್ದಿದ್ದರೆ ಚಿತ್ರದುರ್ಗ ಜಿಲ್ಲೆಯ ನಮ್ಮಮ್ಮನಿಗೆ ಸಂಕಮ್ಮ ಯಾರು ಅಂತ ಗೊತ್ತಾಗ್ತಾನೇ ಇರಲಿಲ್ಲ.

ಈಗ ನಮ್ಮ ಕಡೆಗೆ. ಜುಂಜಪ್ಪ ಕಾಡುಗೊಲ್ಲರ ವೀರ, ದನ ಕಾಯ್ದವನು, ಆಮೇಲೆ ದೇವರಾದವನು. ಅವನ ಕಥೆಯನ್ನ ಗಣೆ ಊದಿಕೊಂಡು ಹಾಡ್ತಾರೆ. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು, ಅದರ ದನಿ ಕೊಳಲಿಗಿಂತ ದಪ್ಪ, ಉಸಿರೇ ಜಾಸ್ತಿ ಕೇಳಿಸುತ್ತೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಹೆಸರು ಕೆಲವರಾದರೂ ಕೇಳಿರ್ತೀರಿ. ಅಕ್ಷರ ಕಲಿಯದ ಆ ಅಜ್ಜಿಗೆ ಸಾವಿರಾರು ಪದ ಬಾಯಲ್ಲಿತ್ತು, ಅವನ್ನ ಸಂಗ್ರಹಿಸಿದವರು ಕೃಷ್ಣಮೂರ್ತಿ ಹನೂರು. ಎಲ್ಲ ಹಟ್ಟಿಗೂ ಒಬ್ಬ ಹನೂರು ಬರಲ್ಲ. ನನ್ನ ಸ್ನೇಹಿತನ ತಾತನ ಹತ್ತಿರ ಬಂದದ್ದು ನನ್ನ ಫೋನು ಮಾತ್ರ.

"ಕಾಪಿರೈಟ್ ತಲೆನೋವು ಇಲ್ಲ" ಅಂದನಲ್ಲ ಆ ಹುಡುಗ, ಅದು ನಿಜವಾ ಅಂತ ಕಾನೂನು ಓದಿದ ಗೆಳತಿಯೊಬ್ಬಳನ್ನ ಕೇಳಿದೆ. ಅರ್ಧ ನಿಜ. ನಮ್ಮ 1957ರ ಕಾಪಿರೈಟ್ ಕಾಯ್ದೆ ಲೇಖಕನನ್ನ ಹುಡುಕುತ್ತೆ. ಅವನ ಜೀವಿತಕಾಲ, ಮೇಲೆ 60 ವರ್ಷ. ಜುಂಜಪ್ಪನ ಕಥೆ ಬರೆದೋರು ಯಾರು? ಗೊತ್ತಿಲ್ಲ. ಹಾಗಾಗಿ ಕಥೆ ಯಾರು ಬೇಕಾದರೂ ತಗೋಬಹುದು. ಆದರೆ ತಾತ ಅವತ್ತು ಹಾಡಿದ್ದು ಬರೀ ಕಥೆ ಅಲ್ಲ, ಅದು ಒಂದು ಪ್ರದರ್ಶನ. ಹಾಡಿದವನಿಗೆ ಆ ಹಾಡಿಕೆಯ ಮೇಲೆ ಪ್ರದರ್ಶಕನ ಹಕ್ಕು ಅಂತ ಒಂದಿದೆ, ಕಾಯ್ದೆಯ 38ನೇ ಕಲಂ, 50 ವರ್ಷದವರೆಗೆ. ಸಿನಿಮಾಗೆ ಬಳಸಿಕೊಳ್ಳಿ ಅಂತ ಬರಹದಲ್ಲಿ ಒಪ್ಪಿಗೆ ಕೊಟ್ಟ ಮೇಲೂ, ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳಬಹುದು. 2012ರ ತಿದ್ದುಪಡಿ ಅದನ್ನ ಸೇರಿಸಿತು. ತನ್ನ ಹೆಸರು ಹಾಕಿ ಅಂತ ಕೇಳೋ ಹಕ್ಕೂ ಇದೆ. ತಮಾಷೆ ಏನು ಗೊತ್ತಾ? ರೆಕಾರ್ಡಿಂಗ್ ಅನ್ನೋ ಫೈಲಿನ ಹಕ್ಕು ಮಾತ್ರ ಅದನ್ನ ಮಾಡಿದವನದು. ಅಂದರೆ ಗುಂಡಿ ಒತ್ತಿದ ನನ್ನದು! ಹಾಡಿದ್ದು ಅವರು, ನಾನು ಮಾಡಿದ್ದು ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿದ್ದು ಅಷ್ಟೇ.

ಹಾಗಾಗಿ ಕೇಳೋಕೆ ಹೋದೆ. ತಾತ ಬೇವಿನ ಮರದ ಕೆಳಗೆ ಕೂತಿದ್ದರು. ಸೀರೀಸ್ ಅಂದರೇನು ಅಂತ ಹೇಳೋದು ಕಷ್ಟ ಆಗಲಿಲ್ಲ, ಮೊಮ್ಮಕ್ಕಳ ಫೋನಿನಲ್ಲಿ ಎಲ್ಲ ನೋಡಿದ್ದಾರೆ.

"ಎಷ್ಟು ರಾತ್ರಿ ಕಥೆ ಮಾಡ್ತಾರಂತೆ?"

"ಎಂಟು ಕಂತು ತಾತ. ಒಂದೊಂದು ಮುಕ್ಕಾಲು ಗಂಟೆ."

ಬೆರಳು ಮಡಚಿ ಲೆಕ್ಕ ಹಾಕಿದರು. "ಆರು ಗಂಟೆ. ಒಂದು ರಾತ್ರಿನೇ ಆತಲ್ಲಪ್ಪ. ಮಿಕ್ಕಿದ್ದು?"

ಮಿಕ್ಕಿದ್ದು ಬಿಡ್ತಾರೆ ಅಂದೆ. ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ತಾವೂ ಒಂದೊಂದು ಸಲ ಬಿಡ್ತಾರಂತೆ, ಉಸಿರು ಸಾಲದಿದ್ದಾಗ, ಕೇಳೋರು ತೂಕಡಿಸಿದಾಗ. ಆಮೇಲೆ ನಾನು ಆ ತಂಡದವರ ಯೋಚನೆ ಹೇಳಿದೆ. ಕಥೆಯಲ್ಲಿ ಜುಂಜಪ್ಪನಿಗೆ ಮೋಸ ಮಾಡೋರು ಅವನ ಸೋದರಮಾವಂದಿರು. ಅದು ಇವರಿಗೆ 'ಸಣ್ಣ' ಅನ್ನಿಸಿದೆ, ಮನೆ ಜಗಳದ ಥರ. ಬದಲಿಗೆ ಒಬ್ಬ ದೊಡ್ಡ ಮಾಂತ್ರಿಕ ಬೇಕಂತೆ, ಅವನಿಗೊಂದು ಸೈನ್ಯ.

ತಾತ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮಾವಂದಿರೇ ಮೋಸ ಮಾಡ್ಯಾರೆ ಅಂತಾನೇ ಅಲ್ವೇನಪ್ಪ ನಾವು ಅಳೋದು. ಹೊರಗಿನೋನು ಮಾಡಿದ್ರೆ ಅದ್ರಾಗೆ ಏನೈತೆ? ಹೊರಗಿನೋನು ಮಾಡ್ತಾನೆ ಅಂತ ಗೊತ್ತೇ ಇರ್ತೈತೆ" ಅಂದರು.

ಇಡೀ 'ಗೇಮ್ ಆಫ್ ಥ್ರೋನ್ಸ್' ಚರ್ಚೆಯಲ್ಲಿ ನಾನು ಇಷ್ಟು ಚೆನ್ನಾಗಿರೋ ಮಾತು ಓದಿಲ್ಲ. ಬಿಲ್ ಮತ್ತು ಫ್ರಾಂಕ್ ಕಥೆಯನ್ನ ಹೇಗೆ ಬೇಕಾದರೂ ತಿರುಗಿಸಬಹುದಿತ್ತು, ನೋವಿರೋ ಜಾಗ ಗೊತ್ತಿದ್ದರಿಂದ ತಿರುಗಿಸಿದ್ದು ಕೂತಿತು. ಇಲ್ಲಿ ಆ ಜಾಗ ಗೊತ್ತಿರೋ ಮನುಷ್ಯನನ್ನ ಯಾರೂ ಕೇಳಿಲ್ಲ, ಅವನ ಆಡಿಯೋ ಫೈಲ್ ಮಾತ್ರ ಕೇಳ್ತಿದ್ದಾರೆ.

ಆ ರೆಕಾರ್ಡಿಂಗ್ ಕೊಡಬಹುದಾ ಅಂದೆ. ಕೊಡು ಅಂದರು, ಅಷ್ಟು ಸುಲಭವಾಗಿ ಅಂದದ್ದು ನನಗೇ ಗಾಬರಿ. ದುಡ್ಡು, ರಾಯಧನ ಅಂತ ವಿವರಿಸಿದೆ. ಕೊಟ್ಟರೆ ಬೇಡ ಅನ್ನಲ್ಲ, ಗುಡಿಯ ಮುಂದೆ ನೆರಳು ಮಾಡಿಸಬೇಕು ಅಂದರು. ಹೆಸರಿನ ವಿಷಯಕ್ಕೆ ಬಂದಾಗ ಮಾತ್ರ ತಲೆ ಅಲ್ಲಾಡಿಸಿದರು. "ನನ್ನ ಹೆಸರು ಯಾಕೆ? ನಮ್ಮಪ್ಪ ಹೇಳಿಕೊಟ್ಟ, ಅವನಿಗೆ ಅವನ ದೊಡ್ಡಪ್ಪ. ಹಟ್ಟಿ ಹೆಸರು ಹಾಕ್ರಿ."

ಬಂದು ತಂಡಕ್ಕೆ ಮೇಲ್ ಬರೆದೆ. ಫೈಲ್ ಕಳಿಸೋ ಮುಂಚೆ ಕಾಗದ ಆಗಬೇಕು. ಆ ಕಾಗದವನ್ನ ತಾತನಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಕಥೆ ಬರೆಯೋರು ಒಂದು ದಿನವಾದರೂ ಹಟ್ಟಿಗೆ ಬಂದು ಕೂರಬೇಕು. ರಾಯಧನ ಬೇಕು. ಹೆಸರು ಹಟ್ಟಿಯದು. ನಾಲ್ಕು ದಿನಕ್ಕೆ ಉತ್ತರ ಬಂತು, ಸಭ್ಯವಾಗಿಯೇ ಇತ್ತು. ಒಂದು ಫಾರಂ ಲಗತ್ತಿಸಿದ್ದರು. ಹಾಡುಗಾರರ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ. ಹೆಸರಿನ ಜಾಗದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಹಟ್ಟಿಗೆ ಆಧಾರ್ ಇಲ್ಲವಲ್ಲ.

ಗೆಳತಿ ಹೇಳ್ತಾಳೆ, ಹಟ್ಟಿಯವರು ಸೇರಿ ಒಂದು ಸಂಘ ನೋಂದಾಯಿಸಿ, ತಾತನ ಹಕ್ಕಿನ ಹಣ ಆ ಸಂಘಕ್ಕೆ ಹೋಗೋ ಹಾಗೆ ಒಪ್ಪಂದ ಬರೆಸಬಹುದು ಅಂತ. ಭಾನುವಾರ ಮತ್ತೆ ಹಟ್ಟಿಗೆ ಹೋಗ್ತಿದೀನಿ. ಈ ಸಲ ಗಣೆ ಪೂರ್ತಿ ಕೇಳಬೇಕು, ಎಷ್ಟು ರಾತ್ರಿ ಆದರೂ ಸರಿ. ಫೋನಿನ ಸ್ಟೋರೇಜ್ ಖಾಲಿ ಮಾಡ್ಕೊಂಡಿದೀನಿ.